ಓದುವಾಗ ಮಗುವನ್ನೂ ಮಾತಾಡಿಸಿ

ನ್ಯೂಜೆರ್ಸಿಯ ಎಡಿಸನ್‌ನಲ್ಲೋ ಜರ್ಸಿ ಸಿಟಿಯಲ್ಲೋ ಮಗುವಿಗೆ ಕನ್ನಡ ಕಥೆ ಓದುತ್ತೀರಾ? ಹಾಗಾದರೆ ಇದನ್ನು ಕೇಳಲೇಬೇಕು.

ನ್ಯೂಯಾರ್ಕ್‌ನ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಗ್ರೋವರ್ ವೈಟ್‌ಹರ್ಸ್ಟ್ ತಂಡ 1988ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಎರಡು-ಮೂರು ವರ್ಷದ ಮಕ್ಕಳ ಅಪ್ಪ-ಅಮ್ಮಂದಿರಿಗೆ ಹೇಳಿಕೊಟ್ಟದ್ದು ಇಷ್ಟೇ: ಸುಮ್ಮನೆ ಓದಿಕೊಂಡು ಹೋಗಬೇಡಿ, ಮಗುವನ್ನು ಕೇಳಿ. "ಆನೆ ಏನ್ ಮಾಡ್ತಿದೆ?" ಮಗು "ನೀರು" ಅಂದರೆ, "ಹೌದು ಕಂದ, ಸೊಂಡಿಲಿನಿಂದ ನೀರು ಚಿಮ್ಮಿಸ್ತಿದೆ" ಅಂತ ಅದರ ಮಾತನ್ನೇ ಬೆಳೆಸಿ. ಹೊಸ ಪದ ಚಿತ್ರದ ಜೊತೆಗೇ ಸಿಗುತ್ತದೆ.

ಒಂದೇ ತಿಂಗಳು! ಎಂದಿನಂತೆ ಓದಿಸಿಕೊಂಡ ಮಕ್ಕಳಿಗಿಂತ ಈ ಮಕ್ಕಳು ಮಾತಿನ ಪರೀಕ್ಷೆಯಲ್ಲಿ 8.5 ತಿಂಗಳು, ಪದಸಂಪತ್ತಿನಲ್ಲಿ 6 ತಿಂಗಳು ಮುಂದಿದ್ದರು.

ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಪುಸ್ತಕಗಳು ಉಚಿತ. ಇವತ್ತು ರಾತ್ರಿಯೇ ಒಂದನ್ನು ತೆರೆಯಿರಿ. ಪ್ರಶ್ನೆ ಕೇಳಿ, ಮಗು ಉತ್ತರಿಸುವವರೆಗೆ ದಯವಿಟ್ಟು ಕಾಯಿರಿ.