ಹಗಲು ದೀಪಕ್ಕೆ ಸ್ವಿಚ್ಚು ಹುಡುಕಿದವರು

2017ರ ಬೇಸಿಗೆಯಲ್ಲಿ ಹೊಸ ಬೈಕ್ ಕೊಂಡವರಿಗೆ ಎದುರು ಬಂದವರೆಲ್ಲ ಕೈಸನ್ನೆ ಮಾಡುತ್ತಿದ್ದರು. ಬೆರಳು ಮಡಚಿ, ಬಿಡಿಸಿ, ಮತ್ತೆ ಮಡಚಿ: ಲೈಟ್ ಉರೀತಿದೆ, ಆರಿಸಿ ಎಂದು. ಕೊಡಗಿನ ಗೋಣಿಕೊಪ್ಪದಿಂದ ಬಾಳೆಲೆಗೆ ಬರುವಷ್ಟರಲ್ಲಿ ಬಸ್ಸಿನ ಡ್ರೈವರು, ಮೀನಿನ ಗಾಡಿಯವನು, ಶಾಲೆ ಮಕ್ಕಳು, ಎಲ್ಲರದೂ ಅದೇ ಸನ್ನೆ. ಆರಿಸೋಣವೆಂದು ಸವಾರ ಹೆಬ್ಬೆರಳಲ್ಲಿ ತಡಕಿದರೆ ಹ್ಯಾಂಡಲ್ ಮೇಲೆ ಸ್ವಿಚ್ಚೇ ಇಲ್ಲ. ಡಿಮ್ ಡಿಪ್ ಇದೆ, ಹಾರ್ನ್ ಇದೆ, ಇಂಡಿಕೇಟರ್ ಇದೆ. ದೀಪ ಆರಿಸುವ ಗುಂಡಿ ಮಾತ್ರ ಮಾಯ.

ಆ ವರ್ಷದ ಏಪ್ರಿಲ್ 1ರಿಂದ ದೇಶದಲ್ಲಿ ತಯಾರಾಗುವ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಚಾಲೂ ಆದೊಡನೆ ಹೆಡ್‌ಲೈಟ್ ತಾನಾಗಿ ಹೊತ್ತಿಕೊಳ್ಳಬೇಕೆಂಬ ನಿಯಮ ಜಾರಿಗೆ ಬಂದಿತ್ತು. ಸುಪ್ರೀಂ ಕೋರ್ಟ್ ನೇಮಿಸಿದ್ದ ರಸ್ತೆ ಸುರಕ್ಷತಾ ಸಮಿತಿಯ ಶಿಫಾರಸು ಅದು. ಯುರೋಪಿನಲ್ಲಿ ಬೈಕುಗಳಿಗೆ ಈ ಪದ್ಧತಿ ಮೊದಲೇ ಬಂದಿತ್ತು. ನಮ್ಮಲ್ಲಿ ಮಾತ್ರ ಯಾರೂ ಜನರಿಗೆ ಬಿಡಿಸಿ ಹೇಳಲಿಲ್ಲ. ಹಾಗಾಗಿ ಶೋರೂಮಿನಿಂದ ಹೊರಟ ಗಾಡಿ ನೇರ ಆಟೋ ಎಲೆಕ್ಟ್ರಿಷಿಯನ್ ಅಂಗಡಿಗೇ ಬಂತು.

ಬಂದವರ ದೂರು ಎರಡು. ಬ್ಯಾಟರಿ ಇಳಿಯುತ್ತದೆ, ಮೈಲೇಜ್ ಬೀಳುತ್ತದೆ. ಎರಡರಲ್ಲೂ ಹುರುಳು ಕಡಿಮೆ. ಆಗಿನ ಸಾಮಾನ್ಯ ಬೈಕಿನ ಬಲ್ಬು 35 ವ್ಯಾಟ್. ನೂರು ಸಿಸಿ ಎಂಜಿನ್ ಎಂಟು ಕುದುರೆಶಕ್ತಿ ಕೊಡುತ್ತದೆಂದರೆ ಅದು ಸುಮಾರು 6,000 ವ್ಯಾಟ್. ಅದರ ಮುಂದೆ ಈ ದೀಪದ ಹೊರೆ ಎಷ್ಟರದು? ಎಂಜಿನ್ ಓಡುವಾಗ ಕರೆಂಟು ಬರುವುದು ಮ್ಯಾಗ್ನೆಟ್ ಕಾಯಿಲ್‌ನಿಂದ, ಬ್ಯಾಟರಿಯಿಂದಲ್ಲ. ಆದರೂ ಹ್ಯಾಂಡಲ್‌ಗೆ ಹಳೆ ಮಾದರಿಯ ಸ್ವಿಚ್ ಹಾಕಿಸಿಕೊಂಡವರು, ಹೆಡ್‌ಲೈಟ್ ಡೂಮ್ ಬಿಚ್ಚಿ ಒಂದು ವೈರ್ ಕತ್ತರಿಸಿ ಟೇಪ್ ಸುತ್ತಿಸಿಕೊಂಡವರು ಕಮ್ಮಿಯೇನಲ್ಲ. ನಿಜ ಹೇಳಬೇಕೆಂದರೆ ಅವರನ್ನು ಕಾಡಿದ್ದು ಬ್ಯಾಟರಿಯಲ್ಲ, ಎದುರಿನವರ ಕೈಸನ್ನೆ. ಹಗಲಲ್ಲಿ ದೀಪ ಉರಿಸಿಕೊಂಡು ಹೋಗುವವನು ಮರೆಗುಳಿ ಎಂಬ ಭಾವನೆ ನಮ್ಮಲ್ಲಿ ಅಷ್ಟು ಗಟ್ಟಿ.

ಅದಕ್ಕೂ ಕಾರಣವಿದೆ. ದೀಪ ಎಂದರೆ ಕೈಯಲ್ಲಿ ಎಳೆದು ಹೊತ್ತಿಸುವುದು ಎಂದು ಕೊಡಗಿನ ತೋಟದ ರಸ್ತೆಗಳಿಗೆ ಕಲಿಸಿದ್ದು ಜೀಪು. ಮಹೀಂದ್ರದ ಹಳೆ ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ಗುಬ್ಬಿ ಇರುತ್ತಿತ್ತು. ಒಂದು ಹಂತ ಎಳೆದರೆ ಪಾರ್ಕಿಂಗ್ ಲೈಟ್, ಇನ್ನೊಂದು ಹಂತ ಎಳೆದರೆ ಹೆಡ್‌ಲೈಟ್. ಡಿಮ್ ಡಿಪ್ ಮಾಡುವುದು ಕಾಲಿನಲ್ಲಿ: ಕ್ಲಚ್‌ನ ಎಡಕ್ಕೆ, ನೆಲದ ಮೇಲೆ, ಉಕ್ಕಿನ ಒಂದು ಗುಂಡಿ. ಮಳೆಗಾಲದಲ್ಲಿ ಗಮ್‌ಬೂಟಿನ ಕೆಸರೆಲ್ಲ ಅದರ ಸುತ್ತ ಕಟ್ಟಿಕೊಂಡು, ಒಮ್ಮೆ ಒತ್ತಿದ್ದು ಮೇಲೇಳುತ್ತಿರಲಿಲ್ಲ. ಆಮೇಲಿನ ಗಾಡಿಗಳಲ್ಲಿ ಈ ಕೆಲಸ ಕಾಲಿನಿಂದ ಸ್ಟೇರಿಂಗ್ ಪಕ್ಕದ ಕಡ್ಡಿಗೆ ಬಂತು. ಆದರೂ ಹೊತ್ತಿಸುವುದು ಆರಿಸುವುದು ಡ್ರೈವರನ ಇಷ್ಟವಾಗಿಯೇ ಉಳಿಯಿತು.

ಸರ್ಕಾರಕ್ಕೂ ಆಗ ಬೇಕಿದ್ದದ್ದು ಕಡಿಮೆ ಬೆಳಕೇ. 1971ರ ಯುದ್ಧದ ಬ್ಲ್ಯಾಕ್‌ಔಟ್ ದಿನಗಳಲ್ಲಿ ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಳಿಯುತ್ತಿದ್ದರು. ಎದುರಿನವರ ಕಣ್ಣು ಕೋರೈಸಬಾರದೆಂದು ಗಾಜಿನ ಮೇಲೆ ಕಪ್ಪು ಬೊಟ್ಟು ಅಂಟಿಸುವ ಅಭಿಯಾನವನ್ನು ಪೊಲೀಸರು ಆಮೇಲೂ ಎಷ್ಟೋ ವರ್ಷ ನಡೆಸಿದರು. ಬೆಳಕು ತಗ್ಗಿಸು ಎಂದೇ ಕೇಳಿ ಬೆಳೆದವರಿಗೆ ಒಂದು ದಿನ ಏಕಾಏಕಿ ಹಗಲಲ್ಲೂ ಉರಿಸು ಎಂದರೆ ಹೇಗೆ ಒಪ್ಪುತ್ತಾರೆ?

ಹಗಲು ದೀಪದ ಯೋಚನೆ ಬಂದದ್ದು ಹಗಲೇ ಸರಿಯಾಗಿ ಇಲ್ಲದ ದೇಶಗಳಿಂದ. 1972ರಲ್ಲಿ ಫಿನ್‌ಲ್ಯಾಂಡ್, ಚಳಿಗಾಲದಲ್ಲಿ ಊರಾಚೆಯ ರಸ್ತೆಗಳಲ್ಲಿ ಹೆಡ್‌ಲೈಟ್ ಉರಿಸುವುದನ್ನು ಕಡ್ಡಾಯ ಮಾಡಿತು. 1977ರಲ್ಲಿ ಸ್ವೀಡನ್ ವರ್ಷವಿಡೀ ಉರಿಸಿ ಎಂದಿತು. ವೋಲ್ವೋ ಕಾರುಗಳಲ್ಲಿ ಇದಕ್ಕೆಂದೇ 21 ವ್ಯಾಟ್‌ನ ಪುಟ್ಟ ಬಲ್ಬುಗಳು ಬಂದವು. ದಾರಿ ತೋರಿಸಲು ಅವು ಸಾಲವು. ಗಾಡಿಯೊಂದು ಬರುತ್ತಿದೆ ಎಂದು ಎದುರಿನವನಿಗೆ ಗೊತ್ತಾದರೆ ಅವುಗಳ ಕೆಲಸ ಮುಗಿಯಿತು. 1989ರ ಡಿಸೆಂಬರಿನಿಂದ ತಯಾರಾದ ಗಾಡಿಗಳಿಗೆ ಕೆನಡಾ, 2011ರ ಫೆಬ್ರುವರಿಯಿಂದ ಹೊಸ ಮಾದರಿಯ ಕಾರುಗಳಿಗೆ ಯುರೋಪ್ ಒಕ್ಕೂಟ ಇದನ್ನು ಕಡ್ಡಾಯ ಮಾಡಿದವು.

ಅಮೆರಿಕ ಮಾತ್ರ ಕೊನೆವರೆಗೂ ಒಪ್ಪಲಿಲ್ಲ. 1993ರಲ್ಲಿ ಬೇಕಾದವರು ಹಾಕಿಕೊಳ್ಳಿ ಎಂದಿತು, ಅಷ್ಟೇ. ಜನರಲ್ ಮೋಟಾರ್ಸ್ ತನ್ನ ಕಾರು, ಪಿಕಪ್‌ಗಳಿಗೆಲ್ಲ ಹಾಕಿ, ಎಲ್ಲರಿಗೂ ಕಡ್ಡಾಯ ಮಾಡಿ ಎಂದು 2001ರಲ್ಲಿ ಅರ್ಜಿ ಕೊಟ್ಟಿತು. ಸ್ಪಷ್ಟ ಲಾಭ ಕಾಣುತ್ತಿಲ್ಲವೆಂದು 2009ರಲ್ಲಿ ಅದು ತಿರಸ್ಕೃತವಾಯಿತು. ಅಲ್ಲಿನ ಪಿಕಪ್ ಮಾಲೀಕರು ರಿಲೇ ಕಿತ್ತು, ಫ್ಯೂಸ್ ತೆಗೆದು ದೀಪ ಆರಿಸುವ ಉಪಾಯಗಳನ್ನು ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದರು. ಹ್ಯಾಂಡ್‌ಬ್ರೇಕ್ ಒಂದು ಹಲ್ಲು ಎಳೆದಿಟ್ಟರೆ ಕೆಲವು ಮಾದರಿಗಳಲ್ಲಿ ದೀಪ ಹೊತ್ತುತ್ತಲೇ ಇರಲಿಲ್ಲ. ಅವರಿಗೂ ನೆಪಗಳಿದ್ದವು: ಬೇಟೆ, ಕಾರಲ್ಲೇ ಕೂತು ನೋಡುವ ಬಯಲು ಸಿನಿಮಾ, ಸೇನಾ ನೆಲೆಯ ಗೇಟು. ಗೇಟಿನ ಮುಂದೆ ಹೆಡ್‌ಲೈಟ್ ಆರಿಸುವ ಶಿಸ್ತು ಕೊಡಗಿನ ನಿವೃತ್ತ ಸೈನಿಕರಿಗೆ ಹೊಸದೇನಲ್ಲ.

ಬಾಳೆಲೆಯ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲು ಹೇಗಿರುತ್ತದೆ ಎಂದು ನೋಡಿದವರು ಫಿನ್‌ಲ್ಯಾಂಡ್‌ನವರನ್ನು ನೋಡಿ ನಗಲಾರರು. ಎರಡೂ ಬದಿಗೆ ರೊಬಸ್ಟಾ ತೋಟ, ಅದರ ಮೇಲೆ ಸಿಲ್ವರ್ ಓಕ್, ಹಲಸು, ನೇರಳೆಯ ನೆರಳು. ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಸವರುವ ಕೆಲಸ, ಮುಗಿಯದ ತೋಟದ ಪಕ್ಕ ಮಧ್ಯಾಹ್ನ ಮೂರಕ್ಕೇ ಕತ್ತಲೆ. ತಿರುವಿನಲ್ಲಿ ಬೂದು ಬಣ್ಣದ ಪಿಕಪ್ ಬೂದು ಮಳೆಯೊಳಗಿಂದ ಹೊರಬಂದಾಗ ಬೈಕಿನವನಿಗೆ ಉಳಿದಿರುವುದು ಚರಂಡಿಯ ಕಡೆ ಹೊರಳುವಷ್ಟು ಹೊತ್ತು. ಹಗಲು ದೀಪ ಬೆಂಗಳೂರಿನ ಬಿಸಿಲಿಗೆ ಬೇಕೋ ಬೇಡವೋ ಚರ್ಚೆ ಮಾಡಬಹುದು. ಇಲ್ಲಿ ಚರ್ಚೆಗೆ ಜಾಗವಿಲ್ಲ ಎಂಬುದು ನನ್ನ ಅಭಿಪ್ರಾಯ.

ತಮಾಷೆಯೆಂದರೆ, ಬೈಕಿನ ದೀಪ ಕತ್ತರಿಸಿಕೊಂಡ ಇದೇ ಊರುಗಳಲ್ಲಿ ಪಿಕಪ್‌ನವರು ದುಡ್ಡು ಕೊಟ್ಟು ಹಗಲು ದೀಪ ಹಾಕಿಸಿಕೊಳ್ಳುತ್ತಾರೆ. ನಾಲ್ಕು ಚಕ್ರದ ಗಾಡಿಗೆ ನಮ್ಮಲ್ಲಿ ಅದು ಕಡ್ಡಾಯವಲ್ಲ. ಸರಕಿನ ಪಿಕಪ್‌ಗಳಲ್ಲಿ ಕಂಪನಿಯಿಂದ ಬರುವುದೂ ಅಪರೂಪ. ಹಾಗಾಗಿ ಗ್ರಿಲ್‌ಗೆ ಎಲ್‌ಇಡಿ ಪಟ್ಟಿ. ಗೋಣಿಕೊಪ್ಪದ ಒಂದು ಅಂಗಡಿಯಲ್ಲಿ ಈ ಕೆಲಸವನ್ನು ಪಕ್ಕದಲ್ಲೇ ನಿಂತು ನೋಡಿದೆ. ಸುಲಭದ ದಾರಿ, ಇಗ್ನಿಷನ್ ವೈರಿಗೆ ಒಂದು ಜಾಯಿಂಟ್ ಕೊಟ್ಟು ಪಟ್ಟಿಯ ಇನ್ನೊಂದು ತುದಿಯನ್ನು ಬಾಡಿಗೆ ಅರ್ತ್ ಮಾಡುವುದು. ಕೀ ತಿರುಗಿಸಿದರೆ ಉರಿಯುತ್ತದೆ, ರಾತ್ರಿಯೂ ಅಷ್ಟೇ ಪ್ರಖರವಾಗಿ ಉರಿಯುತ್ತಲೇ ಇರುತ್ತದೆ, ಎದುರಿನವನ ಕಣ್ಣಿಗೆ ನೇರ. ಸರಿಯಾದ ದಾರಿಗೆ ಐದು ಪಿನ್ನಿನ ರಿಲೇ ಬೇಕು. ಇಗ್ನಿಷನ್‌ನಿಂದ ಫ್ಯೂಸ್ ಮೂಲಕ ಬಂದ ಕರೆಂಟು 30ನೇ ಪಿನ್ನಿಗೆ. ಪಟ್ಟಿ 87ಎ ಪಿನ್ನಿಗೆ. ಹೆಡ್‌ಲೈಟಿನ ವೈರ್ 86ಕ್ಕೆ, 85 ಅರ್ತ್‌ಗೆ. ಹೆಡ್‌ಲೈಟ್ ಹಾಕಿದೊಡನೆ ರಿಲೇ ಟಿಕ್ ಎಂದು ಪಟ್ಟಿಯನ್ನು ಆರಿಸುತ್ತದೆ.

"ರಿಲೇ ಹಾಕಿ ಅಂತ ಕೇಳೋರು ಕಮ್ಮಿ ಸಾರ್" ಎಂದ ಎಲೆಕ್ಟ್ರಿಷಿಯನ್, ಹಲ್ಲಿನಲ್ಲೇ ವೈರ್ ಸುಲಿಯುತ್ತ. "ಮುಂದೆ ಮಿಂಚೋದಕ್ಕೆ ಎಷ್ಟಾದ್ರೂ ಕೊಡ್ತಾರೆ. ಹಿಂದಿನ ಬಲ್ಬ್ ಹೋದ್ರೆ ಆರು ತಿಂಗಳು ಹಾಗೇ ಓಡಿಸ್ತಾರೆ."

ಅವನ ಮಾತಿನಲ್ಲೇ ಈ ದೀಪದ ದೊಡ್ಡ ಕುಂದು ಇದೆ. ಹಗಲು ದೀಪ ಉರಿಯುವುದು ಮುಂದೆ ಮಾತ್ರ. ಸಂಜೆ ಮಂಜು ಇಳಿಯುವಾಗ ಮುಂದೆ ಬೆಳಕು ಚೆಲ್ಲಿರುವುದನ್ನು ಕಂಡ ಡ್ರೈವರ್ ಲೈಟ್ ಹಾಕಿದ್ದೇನೆಂದೇ ತಿಳಿಯುತ್ತಾನೆ. ಹಿಂದೆ ಕಾಫಿ ಮೂಟೆಯೋ ಸೌದೆಯೋ ಹೇರಿದ ಗಾಡಿಗೆ ಒಂದು ಕೆಂಪು ಚುಕ್ಕೆಯೂ ಇರುವುದಿಲ್ಲ. ಬೈಕಿನ ಕಡ್ಡಾಯ ದೀಪ ಇದಕ್ಕಿಂತ ಮೇಲು. ಅದರಲ್ಲಿ ಸಾಮಾನ್ಯವಾಗಿ ಹಿಂದಿನ ದೀಪವೂ ಜೊತೆಗೇ ಉರಿಯುತ್ತದೆ. ಆ ವೈರ್ ಕತ್ತರಿಸಿದವನು ಎರಡನ್ನೂ ಕಳೆದುಕೊಂಡ.

ಸ್ವಿಚ್ಚು ಬೇಕೆನ್ನುವವರ ಒಂದು ವಾದಕ್ಕೆ ಮಾತ್ರ ನನ್ನಲ್ಲಿ ಚೊಕ್ಕ ಉತ್ತರವಿಲ್ಲ. ಬಾಳೆಲೆ ನಾಗರಹೊಳೆ ಕಾಡಿನ ಅಂಚು. ರಾತ್ರಿ ರಸ್ತೆಯಲ್ಲಿ ಆನೆ ನಿಂತಿದ್ದರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಹೊಡೆಯಬೇಡಿ, ಲೈಟ್ ಮಿನುಗಿಸಬೇಡಿ ಎನ್ನುತ್ತಾರೆ. ಹೊಸ ಬೈಕಿನಲ್ಲಿ ದೀಪ ಆರಬೇಕಾದರೆ ಎಂಜಿನ್ನೇ ಆರಬೇಕು. ಆನೆ ಎದುರಿಗಿರುವಾಗ ಎಂಜಿನ್ ಆರಿಸುವ ಧೈರ್ಯ ಯಾರಿಗಿದೆ? ಡಿಮ್ ಮಾಡಿ, ಮೆಲ್ಲ ತಿರುಗಿಸಿಕೊಂಡು ಬರುವುದೊಂದೇ ದಾರಿ. ಫಿನ್‌ಲ್ಯಾಂಡಿನಲ್ಲಿ ಈ ನಿಯಮ ಬರೆದವರ ತಲೆಯಲ್ಲಿ ಆನೆ ಇದ್ದಿರಲಾರದು.

ಕಾನೂನು ಆನೆಯನ್ನು ಕೇಳುವುದಿಲ್ಲ. ಕಂಪನಿ ಕೊಟ್ಟ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ. 2019ರ ತಿದ್ದುಪಡಿ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಇಟ್ಟಿದೆ, ಆರು ತಿಂಗಳ ಸಜೆಯನ್ನೂ ಕೊಡಬಹುದು. ಕಣ್ಣು ಕೋರೈಸುವ ಎಲ್‌ಇಡಿ ಹಾಕಿಸಿಕೊಂಡವರ ಮೇಲೆ 2024ರ ಜುಲೈನಿಂದ ಕರ್ನಾಟಕ ಪೊಲೀಸರು ರಾಜ್ಯದಾದ್ಯಂತ ಕೇಸು ಹಾಕತೊಡಗಿದರು.

ಬೈಕುಗಳನ್ನು ಹಳ್ಳಿ ರಸ್ತೆಯಲ್ಲಿ ತಡೆದು ನೋಡುವವರಿಲ್ಲ. ಪಿಕಪ್‌ಗೆ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್ ತಪಾಸಣೆ, ಇದೆ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಅದರ ಹಿಂದಿನ ದಿನ ಗಾಡಿ ಮತ್ತೆ ಅದೇ ಅಂಗಡಿಗೆ ಬರುತ್ತದೆ. ಪಟ್ಟಿ ಬಿಚ್ಚಿ ಸೀಟಿನ ಹಿಂದೆ ಇಡುವುದು, ಸತ್ತ ಟೇಲ್ ಬಲ್ಬ್ ಬದಲಿಸುವುದು, ಎಫ್‌ಸಿ ಆಗಿ ಬಂದ ಮೇಲೆ ಪಟ್ಟಿ ವಾಪಸು ಕೂರಿಸುವುದು. ಬಿಚ್ಚುವುದಕ್ಕೆ ಒಂದು ಕೂಲಿ, ಕೂರಿಸುವುದಕ್ಕೆ ಇನ್ನೊಂದು. ಟೇಲ್ ಬಲ್ಬಿಗೆ ಬಲ್ಬಿನ ದುಡ್ಡು ಮಾತ್ರ.