ಹನ್ನೆರಡು ಮೆಟ್ಟಿಲು, ಒಂದೇ ಚಂದ್ರ

2022ರ ಜುಲೈ 10ರಂದು ಆಷಾಢ ಏಕಾದಶಿ. ಅದೇ ದಿನ ಬಕ್ರೀದ್. 2023ರ ಜೂನ್ 29ರಂದು ಮತ್ತೆ ಏಕಾದಶಿ, ಮತ್ತೆ ಬಕ್ರೀದ್. 2024ರ ಜುಲೈ 17ರಂದು ಏಕಾದಶಿಯ ಜೊತೆ ಬಂದದ್ದು ಮೊಹರಂ. 2025ರ ಜುಲೈ 6ರಂದೂ ಅದೇ ಜೋಡಿ. ನಾಲ್ಕು ವರ್ಷ ಸತತವಾಗಿ ಏಕಾದಶಿಯ ಪಕ್ಕದಲ್ಲಿ ಇನ್ನೊಂದು ಧರ್ಮದ ದೊಡ್ಡ ದಿನ ಬಂದು ನಿಂತಿತು.

ಕಲಬುರಗಿ ಜಿಲ್ಲೆಯ ಊರುಗಳಲ್ಲಿ ಇದರ ಅರ್ಥ ದೊಡ್ಡದು. ವಾಡಿ ಜಂಕ್ಷನ್‌ನಿಂದ ಸೊಲ್ಲಾಪುರದತ್ತ ಹೊರಡುವ ಗಾಡಿ ಪಂಢರಪುರದ ವಿಠ್ಠಲನ ದಾರಿಯೂ ಹೌದು. ಏಕಾದಶಿ ಕಳೆದು ಒಂಬತ್ತು ದಿನಕ್ಕೆ, ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಜಯತೀರ್ಥರ ಆರಾಧನೆ. ಮೊಹರಂ ಅಂದರೆ ಹಳ್ಳಿಹಳ್ಳಿಯಲ್ಲೂ ಪೀರಲ ಹಬ್ಬ: ಅಲಾಯಿ ಕುಣಿ ತೋಡುತ್ತಾರೆ, ಪೀರುಗಳನ್ನು ಕೂಡಿಸುತ್ತಾರೆ, ಕೆಂಡ ಹಾಯುತ್ತಾರೆ, ಹರಕೆ ಹೊತ್ತ ಹಿಂದೂಗಳು ಫಕೀರರಾಗಿ ಕೊರಳಿಗೆ ಲಾಡಿ ಹಾಕಿಕೊಳ್ಳುತ್ತಾರೆ. ಒಂದೂ ಮುಸ್ಲಿಂ ಮನೆ ಇಲ್ಲದ ಊರಲ್ಲೂ ಪೀರು ಏಳುವುದುಂಟು. ಹಾಗಾದರೆ 2025ರ ಜುಲೈ 6ರಂದು ಒಂದೇ ಮನೆಯ ಅವ್ವ ಏಕಾದಶಿ ಉಪವಾಸ ಮಾಡಿ, ಸಂಜೆ ಪೀರು ಹೊಳೆಗೆ ಹೋಗುವಾಗ ಕೈಮುಗಿದಿರಬಹುದು.

ಇದು ಆಕಸ್ಮಿಕವಲ್ಲ, ಇದರ ಹಿಂದೆ ಲೆಕ್ಕವಿದೆ. ಎರಡೂ ಪಂಚಾಂಗ ಹುಟ್ಟುವುದು ಒಂದೇ ಅಮಾವಾಸ್ಯೆಯಿಂದ. ನಮ್ಮ ತಿಂಗಳು ಪಾಡ್ಯದಿಂದ ಶುರು. ಹಿಜರಿ ತಿಂಗಳು ಎಳೆಚಂದ್ರ ಕಣ್ಣಿಗೆ ಬಿದ್ದ ಸಂಜೆಯಿಂದ. ಸಾಮಾನ್ಯವಾಗಿ ಅದು ಬಿದಿಗೆಯ ಆಸುಪಾಸು. ಆದ್ದರಿಂದ ಹಿಜರಿಯ ಹತ್ತನೇ ತಾರೀಖು ಅಂದರೆ ಹೆಚ್ಚುಕಡಿಮೆ ನಮ್ಮ ಏಕಾದಶಿ. ಹಿಜರಿಯ ಒಂದನೇ ತಾರೀಖು ತದಿಗೆಯ ಅಕ್ಕಪಕ್ಕ. ವೈಶಾಖ ಶುದ್ಧ ತದಿಗೆ ಬಸವ ಜಯಂತಿ. 2021ರ ಮೇ 14ರಂದೂ 2022ರ ಮೇ 3ರಂದೂ ಬಸವಣ್ಣನ ಜಯಂತಿ ಮತ್ತು ರಂಜಾನ್ ಹಬ್ಬ ಒಂದೇ ದಿನ ಬಂದವು, ಸರ್ಕಾರದ ರಜೆ ಪಟ್ಟಿಯಲ್ಲಿ ಎರಡು ರಜೆ ಒಂದಾದವು.

ಹನ್ನೆರಡು ಚಾಂದ್ರಮಾಸ ಕೂಡಿದರೆ 354 ದಿನ. ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಕಡಿಮೆ. ಹಿಜರಿ ಆ ಕೊರತೆಯನ್ನು ತುಂಬಿಕೊಳ್ಳುವುದಿಲ್ಲ, ಹಾಗಾಗಿ ಅದರ ಹಬ್ಬಗಳು ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುತ್ತವೆ. ನಮ್ಮ ಪಂಚಾಂಗವೂ ಹಿಂದೆ ಸರಿಯುತ್ತದೆ, ಆದರೆ ಸರಾಸರಿ ಮೂವತ್ತೆರಡೂವರೆ ತಿಂಗಳಿಗೊಮ್ಮೆ ಅಧಿಕ ಮಾಸ ಸೇರಿಸಿ ಮತ್ತೆ ಋತುವಿಗೆ ಬಂದು ನಿಲ್ಲುತ್ತದೆ. ಆಗ ಎರಡರ ಜೋಡಿ ಒಂದು ಮೆಟ್ಟಿಲು ಜರುಗುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂತು. ಅದಕ್ಕೇ ಏಕಾದಶಿಯ ಜೊತೆಗಾರ ಬಕ್ರೀದ್ ಹೋಗಿ ಮೊಹರಂ ಆಯಿತು. ಹನ್ನೆರಡು ತಿಂಗಳು, ಹನ್ನೆರಡು ಮೆಟ್ಟಿಲು. ಮೂವತ್ತೆರಡೂವರೆ ತಿಂಗಳನ್ನು ಹನ್ನೆರಡರಿಂದ ಗುಣಿಸಿದರೆ ಮೂವತ್ತೆರಡೂವರೆ ವರ್ಷ! ಅಷ್ಟು ಹೊತ್ತಿಗೆ ಇಡೀ ಚಕ್ರ ಒಂದು ಸುತ್ತು ಮುಗಿಸಿ ಮೊದಲಿನ ಜಾಗಕ್ಕೆ ಬರುತ್ತದೆ. ಅಧಿಕ ಮಾಸದಲ್ಲಿ ಅಳಿಯನನ್ನು ಕರೆದು 33 ಸಿಹಿ ಕೊಡುವ ಪದ್ಧತಿ ಈ ಕಡೆಯ ಹಲವು ಮನೆಗಳಲ್ಲಿದೆ. ಆ ಎಣಿಕೆಯ ಹತ್ತಿರವೇ ಪೀರಲ ಹಬ್ಬದ ಸುತ್ತೂ ಮುಗಿಯುತ್ತದೆ ಅನ್ನುವುದು ನನಗೆ ಇವತ್ತಿಗೂ ಬೆರಗು.

ಈ ಚಕ್ರಕ್ಕೆ ಗಣಪತಿಯೇ ಸಾಕ್ಷಿ. 2018, 2019, 2020 ಮೂರೂ ವರ್ಷ ಗಣೇಶ ಚೌತಿ ಮೊಹರಂನ ಮೊದಲ ದಿನಗಳಲ್ಲೇ ಬಂತು. ಅದಕ್ಕೂ ಮೊದಲು ಹೀಗಾದದ್ದು 1985, 1986, 1987ರಲ್ಲಿ. ಚಿತ್ತಾಪುರದಲ್ಲಿ ಇಂದು ಅರವತ್ತು ದಾಟಿದವರು ಇದನ್ನು ಎರಡು ಸಲ ಕಂಡಿದ್ದಾರೆ.

ಇದೇ ಲೆಕ್ಕ ಮೈಮೇಲೆ ಬೀಳುವುದು ಶಹಾಬಾದಿನಲ್ಲಿ. ಪರ್ಸಿ ಕಲ್ಲಿನ ಗಣಿಯಲ್ಲಿ ದುಡಿಯುವವನಿಗೆ ರೋಜಾ ಡಿಸೆಂಬರ್‌ನಲ್ಲಿ ಬಂದರೆ ಹನ್ನೆರಡೂವರೆ ಗಂಟೆಯಷ್ಟು, ಜೂನ್‌ನಲ್ಲಿ ಬಂದರೆ ಹದಿನಾಲ್ಕು ಗಂಟೆಗೂ ಮೇಲೆ. ಕಲ್ಲು ಕಾದು ಕೆಂಡವಾಗುವ ಮೇ ತಿಂಗಳಲ್ಲಿ ರಂಜಾನ್ ಬಂದದ್ದು 1987ರ ಆಸುಪಾಸು, ಆಮೇಲೆ 2019ರ ಆಸುಪಾಸು, ಇನ್ನು ಬರುವುದು 2052ರ ಆಸುಪಾಸು. ತಂದೆ ನೀರು ಮುಟ್ಟದೆ ಕಳೆದ ಬೇಸಗೆಯನ್ನು ಮಗ ತಾನೂ ತಂದೆಯ ವಯಸ್ಸಿಗೆ ಬಂದಾಗ ಎದುರಿಸುತ್ತಾನೆ.

ಬೆಳೆ ಮಾತ್ರ ಚಂದ್ರನಿಗೆ ಕಾಯುವುದಿಲ್ಲ. ಅದಕ್ಕೇ ನಿಜಾಮರ ಸರ್ಕಾರವೂ ಕಂದಾಯಕ್ಕೆ ಹಿಜರಿ ಬಿಟ್ಟು, ಸೂರ್ಯನನ್ನು ಅನುಸರಿಸುವ ಫಸಲಿ ವರ್ಷ ಹಿಡಿದಿತ್ತು. ಸೂರ್ಯನ ಲೆಕ್ಕಕ್ಕೆ ಕಟ್ಟಿಬಿದ್ದ ದಿನಗಳು ಇನ್ನೂ ಇವೆ: ಚಿಂಚೋಳಿಯ ತಾಂಡಾಗಳಿಗೆ ಫೆಬ್ರುವರಿ 15ರ ಸೇವಾಲಾಲ್ ಜಯಂತಿ, ಎಲ್ಲರಿಗೂ ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ. ಸೆಪ್ಟೆಂಬರ್ 17 ಈ ಸೀಮೆಯದ್ದೇ. ದೇಶ ಸ್ವತಂತ್ರವಾಗಿ ಸರಿಯಾಗಿ 399 ದಿನ ಆದ ಮೇಲೆ, 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ದಿನವೆಂದು ಅವತ್ತು ಇಲ್ಲಿ ಮತ್ತೊಮ್ಮೆ ರಾಷ್ಟ್ರಧ್ವಜ ಹಾರುತ್ತದೆ.

ಇವೆಲ್ಲ ಲೆಕ್ಕಗಳೂ ಒಂದೆಡೆ ಕೂಡುವುದನ್ನು ನೋಡಬೇಕಾದರೆ 2030ರ ಕೊನೆಗೆ ಕಾಯಬೇಕು. ಆ ವರ್ಷದ ಒಂದು ರಂಜಾನ್ ತಿಂಗಳು ಜನವರಿಯಲ್ಲೇ ಶುರುವಾಗಿರುತ್ತದೆ. ಡಿಸೆಂಬರ್ 24ಕ್ಕೆ ಎಳ್ಳಮಾವಾಸ್ಯೆ: ಬಂಡಿ ಕಟ್ಟಿ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಭಜ್ಜಿ ಸಜ್ಜಿರೊಟ್ಟಿ ಉಣ್ಣುವ ದಿನ. 25ಕ್ಕೆ ಕ್ರಿಸ್ಮಸ್. ಅವತ್ತೋ ಮರುದಿನವೋ ಸಂಜೆ, ಅದೇ ವರ್ಷದ ಎರಡನೇ ರಂಜಾನಿನ ಚಂದ್ರ.