ಕಾದಿರುವವರ ಕಂಠ

ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿ ಸೀಮೆಯ ಹೊಲದ ಬದುಗಳಲ್ಲಿ, ಕೆರೆಯ ಏರಿಗಳ ಬಳಿಯಲ್ಲಿ, ಊರ ಹೊರಗಿನ ಮರದ ನೆರಳಿನಲ್ಲಿ ವೀರಗಲ್ಲುಗಳು ಇಂದಿಗೂ ನಿಂತಿವೆ. ಕೃಷ್ಣಗಿರಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿಯೂ ಅಂಥ ಕಲ್ಲುಗಳನ್ನು ಇರಿಸಲಾಗಿದೆ. ತುರುಗಳನ್ನು ಬಿಡಿಸಲು, ಊರನ್ನು ಉಳಿಸಲು ಹೋರಾಡಿ ಮಡಿದವನ ನೆನಪು ಅಲ್ಲಿ ಶಿಲ್ಪವಾಗಿ ಉಳಿದಿದೆ. ಗಂಡನೊಡನೆ ಪ್ರಾಣತೆತ್ತ ಹೆಂಡತಿಗೆ ಮಾಸ್ತಿಕಲ್ಲು ನಿಂತಿತು. ಬಳೆ ತೊಟ್ಟ ಕೈಯನ್ನು ಮೇಲೆತ್ತಿದ ಆ ಕಲ್ಲುಗಳನ್ನು ಈ ಭಾಗದ ಮಕ್ಕಳೂ ಗುರುತಿಸಬಲ್ಲರು. ಆದರೆ ಬದುಕಿ ಉಳಿದು, ಮಕ್ಕಳನ್ನು ಸಾಕಿ, ಹೊಲ ನೋಡಿಕೊಂಡು, ದಂಡಿಗೆ ಹೋದವನು ಹಿಂದಿರುಗುವನೋ ಇಲ್ಲವೋ ಎಂದು ದಾರಿ ಕಾಯುತ್ತಿದ್ದ ಹೆಂಗಸಿಗೆ ಯಾರೂ ಕಲ್ಲು ನೆಡಲಿಲ್ಲ.

ಈ ಕಾಯುವವರಿಗೂ ಒಂದು ದನಿಯುಂಟು ಎಂಬುದನ್ನು ಇತ್ತೀಚಿನ ವರ್ಷಗಳಲ್ಲಿ ಲೋಕದ ಗಮನಕ್ಕೆ ತಂದದ್ದು ದೂರದ ಇಂಗ್ಲೆಂಡಿನ ಸೈನಿಕರ ಪತ್ನಿಯರ ಒಂದು ಗಾಯನ ಮೇಳ. ಅನಂತರ ಅಮೆರಿಕದ ಅಂಥದೇ ಮೇಳವೊಂದು ದೂರದರ್ಶನದ ಪ್ರತಿಭಾ ಸ್ಪರ್ಧೆಯ ವೇದಿಕೆಯನ್ನೂ ಏರಿತು. ಈ ಎರಡು ಮೇಳಗಳ ಕಥೆಯನ್ನು ಗಡಿನಾಡಿನ ಕನ್ನಡ ಕುಟುಂಬಗಳು ಅರಿಯುವುದರಲ್ಲಿ ಅರ್ಥವಿದೆ. ಏಕೆಂದರೆ ಆ ಹಾಡು ಹುಟ್ಟಿದ್ದು ಸಂಗೀತ ಶಾಲೆಯಲ್ಲಿ ಅಲ್ಲ, ಮನೆಯಿಂದ ಬರೆದ ಕಾಗದಗಳಲ್ಲಿ.

ಇಂಗ್ಲೆಂಡಿನ ನೈರುತ್ಯ ಭಾಗದ ಡೆವನ್ ಪ್ರಾಂತದಲ್ಲಿ ಚಿವೆನರ್ ಎಂಬ ಸೇನಾನೆಲೆಯಿದೆ. 2011ರಲ್ಲಿ ಅಲ್ಲಿನ ಸೈನಿಕರು ಅಫ್ಘಾನಿಸ್ತಾನದ ಯುದ್ಧಭೂಮಿಗೆ ತೆರಳಿದ್ದರು. ನೆಲೆಯ ವಸತಿಗೃಹಗಳಲ್ಲಿ ಉಳಿದವರು ಹೆಂಡಿರು ಮಕ್ಕಳು. ಬಾಗಿಲ ಕರೆಗಂಟೆ ಹೊತ್ತಲ್ಲದ ಹೊತ್ತಿನಲ್ಲಿ ಬಾರಿಸಿದರೆ ಎದೆ ನಡುಗುವಂಥ ದಿನಗಳವು. ಆಗ ಗ್ಯಾರೆತ್ ಮೆಲೋನ್ ಎಂಬ ಗಾಯನ ನಿರ್ದೇಶಕರು ಬಿಬಿಸಿ ದೂರದರ್ಶನ ಮಾಲಿಕೆಯೊಂದಕ್ಕಾಗಿ ಅಲ್ಲಿಗೆ ಬಂದು, ಈ ಹೆಂಗಸರನ್ನು ಕೂಡಿಸಿ ಮೇಳ ಕಟ್ಟಿದರು. ಪ್ಲಿಮತ್ ನೆಲೆಯ ಪತ್ನಿಯರೂ ಮುಂದೆ ಸೇರಿಕೊಂಡರು. ಇದಕ್ಕೂ ಮೊದಲೇ ಉತ್ತರ ಇಂಗ್ಲೆಂಡಿನ ಕ್ಯಾಟರಿಕ್ ಸೇನಾನೆಲೆಯಲ್ಲಿ ಪತ್ನಿಯರೇ ಇಂಥ ಮೇಳವೊಂದನ್ನು ಆರಂಭಿಸಿದ್ದರು ಎಂಬುದನ್ನು ಮರೆಯಲಾಗದು. ದೂರದರ್ಶನ ಬಂದದ್ದು ಆಮೇಲೆ. ಹಾಡಬೇಕೆಂಬ ಹಂಬಲ ಮೊದಲು.

ಸೇರಿದವರಲ್ಲಿ ಹೆಚ್ಚಿನವರು ಸಂಗೀತ ಕಲಿತವರಲ್ಲ. ಜನರೆದುರು ನಿಂತು ಹಾಡಲು ಅಂಜಿದವರೂ ಇದ್ದರು. ಸೇನಾನೆಲೆಯಲ್ಲಿ ಗಂಡನ ಹುದ್ದೆಯೇ ಹೆಂಡತಿಯ ಗುರುತಾಗಿಬಿಡುವುದು ಸಾಮಾನ್ಯ. ಮೇಳದಲ್ಲಿ ಆ ಮೇಲು ಕೀಳು ನಡೆಯುವುದಿಲ್ಲ. ಅಧಿಕಾರಿಯ ಮಡದಿಯೂ ಸಾಮಾನ್ಯ ಸಿಪಾಯಿಯ ಮಡದಿಯೂ ಒಂದೇ ಸಾಲಿನಲ್ಲಿ ನಿಂತು ಒಂದೇ ಶ್ರುತಿಗೆ ದನಿ ಸೇರಿಸಬೇಕಾಗುತ್ತದೆ.

ಅವರು ಹಾಡಬೇಕಾದ ಹಾಡನ್ನು ಬೇರೆಡೆಯಿಂದ ಎರವಲು ತರಲಿಲ್ಲ. ಪತ್ನಿಯರು ಮತ್ತು ರಣರಂಗದಲ್ಲಿದ್ದ ಅವರ ಗಂಡಂದಿರು ಪರಸ್ಪರ ಬರೆದ ಪತ್ರಗಳಿಂದ ಆಯ್ದ ಮಾತುಗಳಿಗೆ ವೇಲ್ಸಿನ ಸಂಗೀತಕಾರ ಪಾಲ್ ಮೀಲರ್ ರಾಗ ಹಾಕಿದರು. ಅದೇ ವರ್ಷ ಬ್ರಿಟನ್ನಿನ ರಾಜಕುಮಾರ ವಿಲಿಯಮ್ಮನ ಮದುವೆಯಲ್ಲಿ ಹಾಡಲಾದ ಒಂದು ಭಕ್ತಿಗೀತೆಯ ಸಂಯೋಜಕರೂ ಅವರೇ. ರಾಜಮನೆತನದ ಮದುವೆಗೆ ಸಂಗೀತ ಕೊಟ್ಟ ಕೈಯೇ ಸಿಪಾಯಿಯ ಮನೆಯ ಕಾಗದಕ್ಕೂ ಸಂಗೀತ ಕೊಟ್ಟಿತು. ಆ ಹಾಡಿಗೆ ಇಟ್ಟ ಹೆಸರಿನ ಅರ್ಥ ‘ನೀನೆಲ್ಲಿದ್ದರೂ’ ಎಂದು.

ಇಲ್ಲಿ ಕಾನೂನಿನ ಒಂದು ಸೂಕ್ಷ್ಮ ನೆನೆಯಲು ಯೋಗ್ಯವಾಗಿದೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ ದೃಷ್ಟಿಯಲ್ಲಿ ಪತ್ರವೂ ಒಂದು ಬರಹವೇ. ಕಾಗದದ ಹಾಳೆ ಅದನ್ನು ಪಡೆದವರದು. ಅದರೊಳಗಿನ ಮಾತಿನ ಸ್ವಾಮ್ಯ ಬರೆದವರದು. ಅಡುಗೆಮನೆಯ ಕೆಲಸ ಮುಗಿಸಿ, ಮಕ್ಕಳನ್ನು ಮಲಗಿಸಿ, ದೀಪದ ಬೆಳಕಿನಲ್ಲಿ ಗಂಡನಿಗೆ ನಾಲ್ಕು ಸಾಲು ಬರೆಯುವ ಹೆಂಗಸು ತನ್ನನ್ನು ಲೇಖಕಿ ಎಂದು ಎಣಿಸಿಕೊಳ್ಳದಿರಬಹುದು. ಕಾನೂನು ಮಾತ್ರ ಆಕೆಯನ್ನು ಹಾಗೆಯೇ ಎಣಿಸುತ್ತದೆ.

2011ರ ನವೆಂಬರಿನಲ್ಲಿ, ಹುತಾತ್ಮ ಯೋಧರ ಸ್ಮರಣೋತ್ಸವದಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಾಣಿಯ ಸಮ್ಮುಖದಲ್ಲಿ ಈ ಹಾಡನ್ನು ಹಾಡಲಾಯಿತು. ಡಿಸೆಂಬರಿನಲ್ಲಿ ಅದರ ಧ್ವನಿಮುದ್ರಿಕೆ ಹೊರಬಂದಿತು. ಬ್ರಿಟನ್ನಿನಲ್ಲಿ ಕ್ರಿಸ್‌ಮಸ್ ವಾರದಲ್ಲಿ ಅತಿ ಹೆಚ್ಚು ಮಾರಾಟವಾಗುವ ಹಾಡಿಗೆ ವಿಶೇಷ ಗೌರವವುಂಟು. ಅದಕ್ಕೂ ಹಿಂದಿನ ಹಲವು ವರ್ಷಗಳಲ್ಲಿ ಆ ಸ್ಥಾನ ದೂರದರ್ಶನದ ‘ಎಕ್ಸ್ ಫ್ಯಾಕ್ಟರ್’ ಎಂಬ ಗಾಯನ ಸ್ಪರ್ಧೆಯ ವಿಜೇತರ ಪಾಲಾಗುತ್ತಿತ್ತು. 2011ರಲ್ಲಿ ಆ ಸ್ಪರ್ಧೆ ಗೆದ್ದದ್ದು ‘ಲಿಟಲ್ ಮಿಕ್ಸ್’ ಎಂಬ ತರುಣಿಯರ ತಂಡ. ಆದರೆ ಕ್ರಿಸ್‌ಮಸ್ ವಾರದಲ್ಲಿ ಸೈನಿಕರ ಪತ್ನಿಯರ ಹಾಡಿನ ಪ್ರತಿಗಳು ಐದೂವರೆ ಲಕ್ಷಕ್ಕೂ ಮಿಕ್ಕಿ ಮಾರಾಟವಾಗಿ ಮೊದಲ ಸ್ಥಾನಕ್ಕೆ ಬಂದವು. ಲಾಭದ ಹಣ ಮಾಜಿ ಸೈನಿಕರಿಗೂ ಸೈನಿಕ ಕುಟುಂಬಗಳಿಗೂ ನೆರವಾಗುವ ಸಂಸ್ಥೆಗಳಿಗೆ ಸಂದಿತು. ಯಾವ ಸ್ಪರ್ಧೆಗೂ ಇಳಿಯದವರು ಸ್ಪರ್ಧೆ ಗೆದ್ದವರನ್ನು ಹಿಂದಿಕ್ಕಿದರು. 2019ರಲ್ಲಿ ಈ ಮೇಳಗಳ ಕಥೆಯಿಂದ ಪ್ರೇರಿತವಾದ ಚಲನಚಿತ್ರವೂ ಬಂದಿತು.

ಎರಡು ವರ್ಷಗಳ ಅನಂತರ, 2013ರಲ್ಲಿ, ಅಮೆರಿಕದ ಸೈನಿಕರ ಬಾಳಸಂಗಾತಿಗಳ ಮೇಳವೊಂದು ಅಲ್ಲಿನ ‘ಅಮೆರಿಕಾಸ್ ಗಾಟ್ ಟ್ಯಾಲೆಂಟ್’ ಸ್ಪರ್ಧೆಯ ಎಂಟನೆಯ ಆವೃತ್ತಿಯಲ್ಲಿ ಭಾಗವಹಿಸಿತು. ಆ ವೇದಿಕೆಯ ರೀತಿಯೇ ಬೇರೆ. ಅಲ್ಲಿ ಹಾಡುಗಾರ, ನರ್ತಕ, ಇಂದ್ರಜಾಲಿಗ, ಹಾಸ್ಯಗಾರ ಎಲ್ಲರೂ ಒಂದೇ ತಕ್ಕಡಿಯಲ್ಲಿ ತೂಗಲ್ಪಡುತ್ತಾರೆ. ಕೆಲವೇ ನಿಮಿಷಗಳ ಪ್ರದರ್ಶನ, ತೀರ್ಪುಗಾರರ ಮಾತು, ಬಳಿಕ ಪ್ರೇಕ್ಷಕರ ಮತ. ಆ ವರ್ಷದ ಪ್ರಶಸ್ತಿ ಜಪಾನ್ ಮೂಲದ ನರ್ತಕ ಕೆನಿಚಿ ಎಬಿನಾ ಅವರಿಗೆ ಸಂದಿತು. ಮೇಳಕ್ಕೆ ಪ್ರಶಸ್ತಿ ಬರಲಿಲ್ಲ.

ಬರದಿದ್ದುದರಿಂದ ಅವರು ಸೋತರೆಂದು ಹೇಳಬಹುದೇ? ಸ್ಪರ್ಧೆಗೆ ಅದರದೇ ನ್ಯಾಯವಿದೆ. ಶ್ರುತಿ ತಪ್ಪಿದರೆ ತಪ್ಪಿತೆಂದು ಹೇಳಲೇಬೇಕು. ಕಣ್ಣೀರಿಗೆ ಅಂಕ ಕೊಡುವುದು ಸಂಗೀತಕ್ಕೆ ಮಾಡುವ ಅನ್ಯಾಯ. ಸೈನಿಕರ ಮನೆಯವರೆಂಬ ಕಾರಣಕ್ಕೆ ಮತ ಹಾಕುವುದು ಸರಿಯಲ್ಲವೆಂದು ಯಾರಾದರೂ ವಾದಿಸಿದರೆ ಆ ವಾದವನ್ನು ತಳ್ಳಿಹಾಕುವುದು ಕಷ್ಟ. ಆದರೆ ಮೇಳದ ಗುಣವನ್ನು ಸ್ಪರ್ಧೆಯ ಅಳತೆಗೋಲು ಪೂರ್ತಿಯಾಗಿ ಅಳೆಯಲಾರದು ಎಂಬುದೂ ಅಷ್ಟೇ ನಿಜ. ಒಬ್ಬರ ಕಂಠ ಎಲ್ಲರ ಕಂಠಕ್ಕಿಂತ ಮೇಲೇಳುವುದನ್ನು ಸ್ಪರ್ಧೆ ಬಯಸುತ್ತದೆ. ಯಾರ ಕಂಠವೂ ಬೇರೆಯಾಗಿ ಕೇಳಿಸಬಾರದೆಂದು ಮೇಳ ಬಯಸುತ್ತದೆ. ಒಬ್ಬಳಿಗೆ ಹಾಡಿನ ನಡುವೆ ಗಂಟಲು ಬಿಗಿದರೆ, ಪಕ್ಕದಲ್ಲಿ ನಿಂತವಳು ಆ ಸಾಲನ್ನು ಮುಂದುವರಿಸುತ್ತಾಳೆ. ಕೇಳುಗನಿಗೆ ಅದು ತಿಳಿಯುವುದೇ ಇಲ್ಲ. ಗಂಡ ದೂರದಲ್ಲಿರುವ ಮನೆಯ ಬಾಳೂ ನಡೆಯುವುದು ನೆರೆಹೊರೆಯ ಇಂಥದೇ ಆಸರೆಯಿಂದ.

ಕನ್ನಡದ ಪ್ರೇಕ್ಷಕರಿಗೆ ದೂರದರ್ಶನದ ಗಾಯನ ಸ್ಪರ್ಧೆಗಳು ಹೊಸತಲ್ಲ. ಎಸ್. ಪಿ. ಬಾಲಸುಬ್ರಹ್ಮಣ್ಯಂ ನಡೆಸಿಕೊಟ್ಟ ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮವನ್ನು ಗಡಿಯ ಈಚೆಗಿನ ಮನೆಗಳೂ ನೋಡಿವೆ. ‘ಸರಿಗಮಪ’ದಲ್ಲಿ ಹಾವೇರಿ ಜಿಲ್ಲೆಯ ಕುರಿಗಾಹಿ ಯುವಕ ಹನುಮಂತ ನಾಡಿನ ಮನಗೆದ್ದುದೂ ನೆನಪಿನಲ್ಲಿದೆ. ಈ ವೇದಿಕೆಗಳು ಹಳ್ಳಿಯ ಪ್ರತಿಭೆಗೆ ಬಾಗಿಲು ತೆರೆದಿರುವುದು ಸಂತೋಷದ ವಿಷಯ. ಆದರೆ ಅವು ಹೆಚ್ಚಾಗಿ ಹುಡುಕುವುದು ಒಂಟಿ ಕಂಠವನ್ನು. ಕೂಡಿ ಹಾಡುವ ಸಂಪ್ರದಾಯವೋ ನಮ್ಮಲ್ಲಿ ಬಲು ಹಳೆಯದು. ಮದುವೆಯ ಚಪ್ಪರದಲ್ಲಿ ಒಬ್ಬಾಕೆ ಸೋಬಾನೆಯ ಸೊಲ್ಲೆತ್ತಿದರೆ ಉಳಿದವರು ದನಿಗೂಡಿಸುತ್ತಾರೆ. ಬೀಸುವ ಕಲ್ಲಿನ ಎರಡು ಬದಿಯಲ್ಲಿ ಕುಳಿತು ಅತ್ತೆ ಸೊಸೆಯರು ಹಾಡಿದ ಪದಗಳಲ್ಲಿ ತವರಿನ ನೆನಪೂ ದೂರ ಹೋದವನ ಹಂಬಲವೂ ತುಂಬಿವೆ. ಚಿವೆನರಿನ ಹೆಂಗಸರು ಮಾಡಿದ್ದು ನಮ್ಮ ಅಜ್ಜಿಯರಿಗೆ ಅಪರಿಚಿತವಾದ ಸಂಗತಿಯೇನಲ್ಲ.

ಹೊಸೂರಿಗೆ ಸಮೀಪದ ಬೆಂಗಳೂರಿನಲ್ಲಿ ಮದ್ರಾಸ್ ಸ್ಯಾಪರ್ಸ್ ಪಡೆಯ ಕೇಂದ್ರವಿದೆ. ಸೇನೆಗೆ ಸೇರಿದವರ ಮನೆಗಳು ಈ ಸೀಮೆಯ ಹಳ್ಳಿಗಳಿಗೆ ಹೊಸತೇನಲ್ಲ. ಸೈನಿಕನಿಗೆ ಕಾಗದ ಬರೆಯುವವರು ವಿಳಾಸದಲ್ಲಿ ಊರಿನ ಹೆಸರು ಬರೆಯುವುದಿಲ್ಲ. ಅವನ ದಳದ ಹೆಸರು, ಅದರ ಕೆಳಗೆ ‘56 ಎ.ಪಿ.ಒ.’ ಅಥವಾ ‘99 ಎ.ಪಿ.ಒ.’ ಎಂಬ ಸೇನಾ ಅಂಚೆಯ ಸಂಖ್ಯೆ, ಅಷ್ಟೇ. ಅವನು ಹಿಮದಲ್ಲಿದ್ದಾನೋ ಮರುಭೂಮಿಯಲ್ಲಿದ್ದಾನೋ ಲಕೋಟೆ ನೋಡಿದರೆ ತಿಳಿಯದು.

ದೂರದಲ್ಲಿರುವ ಯೋಧನನ್ನು ಕಾನೂನು ಮರೆತಿಲ್ಲ. 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯಿದೆಯು ಯುದ್ಧ ಮೊದಲಾದ ವಿಶೇಷ ಪರಿಸ್ಥಿತಿಯ ಸೇವೆಯಲ್ಲಿರುವವನು ನ್ಯಾಯಾಲಯಕ್ಕೆ ಹಾಜರಾಗಲಾಗದಿದ್ದಾಗ ಅವನ ಬೆನ್ನ ಹಿಂದೆ ಮೊಕದ್ದಮೆ ಮುಂದುವರಿಯದಂತೆ ಕಾಪಾಡುತ್ತದೆ. ಆದರೆ ಹೊಲದ ಬದುವಿನ ತಕರಾರು, ಪಡಿತರ ಚೀಟಿಯ ತಿದ್ದುಪಡಿ, ಮಗುವಿನ ಶಾಲಾ ದಾಖಲಾತಿ, ಅತ್ತೆಯ ಆಸ್ಪತ್ರೆಯ ಓಡಾಟ ಇವುಗಳಿಗೆ ತಡೆಯಾಜ್ಞೆ ದೊರೆಯುವುದಿಲ್ಲ. ಅವು ಮನೆಯಲ್ಲಿ ಉಳಿದವಳ ಪಾಲಿಗೆ ಬರುತ್ತವೆ. 1966ರಲ್ಲಿ ಆರಂಭವಾದ ಸೇನಾ ಪತ್ನಿಯರ ಕಲ್ಯಾಣ ಸಂಘದಂಥ ಸಂಸ್ಥೆಗಳು ಹುಟ್ಟಿದ್ದು ಈ ಹೊರೆಯನ್ನು ಹಂಚಿಕೊಳ್ಳಲೆಂದೇ.

ಈ ಕಥೆಯಲ್ಲಿ ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವ ಮನೆಗಳು ಯೋಚಿಸಬೇಕಾದ ಒಂದು ಅಂಶವಿದೆ. ಚಿವೆನರಿನ ಹಾಡು ಸಾಧ್ಯವಾದದ್ದು ಆ ಹೆಂಗಸರು ತಮ್ಮ ತಾಯ್ನುಡಿಯಲ್ಲಿ, ಮನಸ್ಸಿನಲ್ಲಿದ್ದುದನ್ನು ಇದ್ದಂತೆ ಬರೆಯಬಲ್ಲವರಾಗಿದ್ದುದರಿಂದ. ಗಡಿನಾಡಿನಲ್ಲಿ ಕನ್ನಡವನ್ನು ಮನೆಯಲ್ಲಿ ಆಡುವವರು ಅನೇಕರು. ಓದಿ ಬರೆಯಬಲ್ಲವರು ಅಷ್ಟಿಲ್ಲ. ತಮಿಳು ವ್ಯವಹಾರಕ್ಕೆ ಬೇಕು, ಇಂಗ್ಲಿಷು ಉದ್ಯೋಗಕ್ಕೆ ಬೇಕು. ಅವೆರಡನ್ನೂ ಚೆನ್ನಾಗಿ ಕಲಿಯಲೇಬೇಕು. ಆದರೆ ದೂರದ ಠಾಣೆಯಲ್ಲಿರುವ ಅಪ್ಪನಿಗೆ, ಮಾವನಿಗೆ, ಅಣ್ಣನಿಗೆ ಹಟ್ಟಿಯ ಕರು ಹುಟ್ಟಿದ ಸುದ್ದಿಯನ್ನು, ಅಜ್ಜಿಯ ಕೆಮ್ಮು ಕಡಿಮೆಯಾದುದನ್ನು ಮನೆಯ ಮಾತಿನಲ್ಲಿಯೇ ಬರೆಯಬಲ್ಲ ಮಗು ಆ ಮನೆಯ ನೆನಪನ್ನು ಉಳಿಸುತ್ತದೆ. ದೂರವಾಣಿಯ ಮಾತು ಕೇಳಿದೊಡನೆ ಕರಗುತ್ತದೆ. ಕಾಗದ ಪೆಟ್ಟಿಗೆಯಲ್ಲಿ ಉಳಿಯುತ್ತದೆ.

ಶಾಲೆಯ ವಾರ್ಷಿಕೋತ್ಸವಗಳಲ್ಲಿ ಮಕ್ಕಳ ಸಮೂಹಗಾಯನ ಇದ್ದೇ ಇರುತ್ತದೆ. ಅದರ ಬಳಿಯಲ್ಲಿ ತಾಯಂದಿರ ಮೇಳಕ್ಕೂ ಹತ್ತು ನಿಮಿಷ ಕೊಡುವುದು ಕಷ್ಟದ ಕೆಲಸವಲ್ಲ. ವಾರಕ್ಕೊಂದು ಸಂಜೆ, ಶಾಲೆಯ ಒಂದು ಕೋಣೆ, ಶ್ರುತಿ ಹಿಡಿಯಬಲ್ಲ ಒಬ್ಬ ಅಧ್ಯಾಪಕಿ, ಸಾಹಿತ್ಯಕ್ಕೆ ಮನೆಯ ಹಳೆಯ ಕಾಗದಗಳು ಅಥವಾ ಅಜ್ಜಿ ಹೇಳಿಕೊಟ್ಟ ಪದಗಳು ಸಾಕು. ಗಂಡ ಸೇನೆಯಲ್ಲಿಯೇ ಇರಬೇಕೆಂದಿಲ್ಲ. ಲಾರಿ ಓಡಿಸುವವನ ಹೆಂಡತಿಯೂ, ಕೆಲಸಕ್ಕಾಗಿ ಪರದೇಶಕ್ಕೆ ಹೋದವನ ಹೆಂಡತಿಯೂ ಕಾಯುವವರೇ. ಅಲ್ಲಿ ತೀರ್ಪುಗಾರರು ಬೇಡ, ಮತಗಳೂ ಬೇಡ. ಮುಂದಿನ ಸಾಲಿನಲ್ಲಿ ಕುಳಿತ ಮಕ್ಕಳು ತಮ್ಮ ಅಮ್ಮನ ದನಿ ಯಾವುದೆಂದು ಹುಡುಕುತ್ತ ಕೇಳುವರು.